ಎರಡು ಹಿಡಿಕೆಯ ಗ್ರಿಲ್

ಟಿಲ್ಡನ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಜರ್ಸಿ ಯಾವ ಬಣ್ಣ ಎಂದು ಎದುರಾಳಿ ಊರಿನವರನ್ನು ಕೇಳಿದರೆ ಸೆಗಣಿ ಬಣ್ಣ ಎನ್ನುತ್ತಾರೆ. ಟಿಲ್ಡನ್ನಿನವರನ್ನು ಕೇಳಿದರೆ ಉತ್ತ ಹೊಲದ ಬಣ್ಣ ಎನ್ನುತ್ತಾರೆ. ಎಲ್ಡನ್ ಬ್ರಾಕ್‌ಮನ್‌ನನ್ನು ಕೇಳಿದರೆ ಅವನು ಉತ್ತರವನ್ನೇ ಕೊಡುತ್ತಿರಲಿಲ್ಲ. ಕೇಳಿದವನನ್ನು ನೆತ್ತಿಯಿಂದ ಅಂಗಾಲಿನವರೆಗೆ ಒಮ್ಮೆ ನೋಡಿ, ಇಂಥವನಿಗೂ ಮತದಾನದ ಹಕ್ಕು ಕೊಟ್ಟಿದ್ದಾರಲ್ಲ ಎಂದು ಇಡೀ ದೇಶದ ಪರವಾಗಿ ಒಂದು ನಿಟ್ಟುಸಿರು ಬಿಡುತ್ತಿದ್ದ.

ಕಂದು ಜರ್ಸಿ, ಬಿಳಿ ಅಂಕಿ, ಬೂದು ಪ್ಯಾಂಟು. ಹೆಲ್ಮೆಟ್ಟಿನ ಮೇಲೆ ಚಿತ್ರವಿಲ್ಲ, ಬೆನ್ನ ಮೇಲೆ ಆಟಗಾರನ ಹೆಸರಿಲ್ಲ. ತಂಡದ ಹೆಸರು ಹೇಸರಗತ್ತೆಗಳು. ಹೊರುವ ಪ್ರಾಣಿಗೆ ಭಾರ ಸಾಕು, ಬೆನ್ನ ಮೇಲೆ ಬರಹ ಬೇಡ ಎಂಬುದು ಟಿಲ್ಡನ್ನಿನ ಹಿರಿಯರು ಎಂದೋ ಮಾಡಿಟ್ಟ ತೀರ್ಮಾನ. ಸುತ್ತಲಿನ ಕಾಲೇಜುಗಳು ಹುಲಿ, ಗಿಡುಗ, ಸಿಡಿಲು ಎಂದೆಲ್ಲ ಹೆಸರಿಟ್ಟುಕೊಂಡು ಹತ್ತು ಬಣ್ಣ ಬಳಿದುಕೊಂಡು ಕುಣಿಯುತ್ತಿದ್ದಾಗ, ಅಯೋವಾದ ಜೋಳದ ಹೊಲಗಳ ನಡುವಿನ ಈ ಪುಟ್ಟ ಊರು ತನ್ನ ಹೇಸರಗತ್ತೆಗಳನ್ನು ಶನಿವಾರ ಶನಿವಾರ ಅದೇ ಕಂದಿನಲ್ಲಿ ಮೈದಾನಕ್ಕೆ ಬಿಟ್ಟು, ಅದೇ ಕಂದಿನಲ್ಲಿ ಸೋಲಿಸಿಕೊಂಡು, ಅದೇ ಹೆಮ್ಮೆಯಲ್ಲಿ ಮನೆಗೆ ಹೋಗುತ್ತಿತ್ತು.

ಈ ಹೆಮ್ಮೆಯ ಸೇನಾಪತಿ ಎಲ್ಡನ್. ಜೀವಮಾನವೆಲ್ಲ ಪ್ರೊಪೇನ್ ಗ್ಯಾಸಿನ ಲಾರಿ ಓಡಿಸಿ, ಹೊಲದ ಮನೆಗಳ ಹಿತ್ತಿಲ ಟ್ಯಾಂಕುಗಳನ್ನು ತುಂಬಿಸಿ, ಈಗ ನಿವೃತ್ತನಾಗಿದ್ದ. ಹೆಂಡತಿ ಯಾವುದೋ ಕಾಲದಲ್ಲಿ ಅರಿಜೋನಾಕ್ಕೆ ಹೊರಟುಹೋಗಿದ್ದಳು. ಅವಳು ಹೋದದ್ದು ಶನಿವಾರ, ಅಂದು ಪಂದ್ಯವಿತ್ತು, ಹಾಗಾಗಿ ಎಲ್ಡನ್‌ಗೆ ವಿಷಯ ತಿಳಿದದ್ದು ಭಾನುವಾರ. ಮಕ್ಕಳಿಲ್ಲ. ಅವನಿಗೆ ಇದ್ದದ್ದು, ಪಂದ್ಯದ ದಿನ ಅಭಿಮಾನಿಗಳು ಗಾಡಿ ನಿಲ್ಲಿಸಿ ಅಲ್ಲೇ ಬೇಯಿಸಿ ತಿನ್ನುವ ಕ್ರೀಡಾಂಗಣದ ಉತ್ತರದ ಪಾರ್ಕಿಂಗ್ ಲಾಟಿನಲ್ಲಿ, ಮೂಲೆಯ ದೀಪದ ಕಂಬದ ಬುಡದಲ್ಲಿ ಒಂದು ಜಾಗ. ಆ ಜಾಗದಲ್ಲಿ ತಂಗಿ ಆರ್ಲಾ, ತಂಗಿಯ ಗಂಡ ವರ್ಲಿನ್ ಡೆಕ್ಕರ್, ಮತ್ತು ಒಂದು ಗ್ರಿಲ್.

ಗ್ರಿಲ್ ಎಂದರೆ ಅಂಗಡಿಯಲ್ಲಿ ಸಿಗುವ ಆಟಿಕೆಯಲ್ಲ. ಎಲ್ಡನ್ ತನ್ನ ಕಂಪನಿ ಎಸೆಯಲಿದ್ದ ಹಳೆಯ ಪ್ರೊಪೇನ್ ಟ್ಯಾಂಕೊಂದನ್ನು ತಂದುಕೊಟ್ಟಿದ್ದ. ವರ್ಲಿನ್ ವೆಲ್ಡಿಂಗ್ ಕೆಲಸದವನು, ಅದನ್ನು ಉದ್ದಕ್ಕೆ ಸೀಳಿ, ಕೀಲು ಹಾಕಿ, ಕಾಲು ಕೂಡಿಸಿ, ಎರಡು ತುದಿಗೂ ಒಂದೊಂದು ಹಿಡಿಕೆ ಬೆಸೆದಿದ್ದ. ಅದರ ಹೊಟ್ಟೆಯಲ್ಲಿ ಒಂದು ಇಡೀ ಹಂದಿ ಬೇಯುತ್ತಿತ್ತು. ಅದನ್ನು ಪಿಕಪ್ಪಿಗೆ ಹತ್ತಿಸಲು ಇಬ್ಬರು ಬೇಕೇ ಬೇಕು. ಎಡ ಹಿಡಿಕೆ ಎಲ್ಡನ್‌ದು, ಬಲ ಹಿಡಿಕೆ ವರ್ಲಿನ್‌ದು. "ಒಂದು, ಎರಡು, ಹುಪ್!" ಎಂದು ವರ್ಲಿನ್ ಕೂಗುವನು, "ಹುಪ್"ಗೆ ಇಬ್ಬರೂ ಎತ್ತುವರು. ಮೂವತ್ತು ವರ್ಷ ಹೀಗೇ ನಡೆದಿತ್ತು. ಅವರ ಮದುವೆಗಳಲ್ಲಿ ಯಾವುದೂ ಇಷ್ಟು ಹೊಂದಾಣಿಕೆಯಿಂದ ನಡೆದಿರಲಿಲ್ಲ ಎಂದು ಆರ್ಲಾ ಹೇಳುತ್ತಿದ್ದಳು, ತನ್ನದನ್ನೂ ಸೇರಿಸಿ.

ಉತ್ತರದ ಲಾಟಿನವರಿಗೆ ಸಾವಿನ ವಿಷಯದಲ್ಲೂ ತಮ್ಮದೇ ಕಟ್ಟಳೆ ಇತ್ತು. ಸತ್ತವನನ್ನು ತಂಡದ ಜರ್ಸಿಯಲ್ಲೇ ಮಲಗಿಸಬೇಕು. ಪೆಟ್ಟಿಗೆ ಹೊರುವ ಆರು ಮಂದಿಯೂ ಅದೇ ಜರ್ಸಿ ತೊಟ್ಟಿರಬೇಕು. ಮುಂದಿನ ಎಡ ಹಿಡಿಕೆ, ಸತ್ತವನೊಂದಿಗೆ ಲಾಟಿನಲ್ಲಿ ಜಾಗ ಹಂಚಿಕೊಂಡವನದು. ಆಮೇಲೆ ಸತ್ತವನ ಮಡಚುವ ಕುರ್ಚಿಗೆ ಅವನ ಜರ್ಸಿಯಂಥದೇ ಒಂದನ್ನು ತೊಡಿಸಿ, ಪಂದ್ಯವಿದ್ದಾಗಲೆಲ್ಲ ಅವನ ಜಾಗದಲ್ಲೇ ಇಡಬೇಕು. ಆ ಕುರ್ಚಿಯನ್ನು ಕಾಯುವವನೂ ಎಡ ಹಿಡಿಕೆಯವನೇ. ಯಾರದೋ ಸಮಾಧಿಯಿಂದ ಬರುವಾಗ, ಎರಡು ಬಿಯರ್ ಒಳಗಿಳಿದ ಮೇಲೆ, ಎಲ್ಡನ್ ಮತ್ತು ವರ್ಲಿನ್ ಕೈಕುಲುಕಿ ಮಾತು ಮುಗಿಸಿದ್ದರು: "ನಿಂದು ಎಡ ನಾನು, ನಂದು ಎಡ ನೀನು. ಯಾರು ಮೊದಲು ಹೋದ್ರೂ ಸರಿ." ಇಬ್ಬರೂ ಹೋಗುವುದು ಇನ್ನೊಬ್ಬನೇ ಎಂದು ಲೆಕ್ಕ ಹಾಕಿದ್ದರು.

ಹೀಗಿರುವಾಗ, ಒಂದು ಸೆಪ್ಟೆಂಬರಿನಲ್ಲಿ ಕಾಲೇಜು ಒಂದು ಪ್ರಕಟಣೆ ಹೊರಡಿಸಿತು. ಅಭಿಮಾನಿಗಳು ಒಪ್ಪಿದರೆ, ಊರಿನಲ್ಲಿ ನಡೆಯುವ ಕೊನೆಯ ಪಂದ್ಯಕ್ಕೆ ಹುಡುಗರು ಕರಿ ಜರ್ಸಿ ತೊಡಲಿದ್ದಾರೆ. ಹೆಲ್ಮೆಟ್ಟೂ ಹೊಸದು, ಆದರೆ ಅದು ಹೇಗಿದೆ ಎಂಬುದು ಹುಡುಗರು ಮೈದಾನಕ್ಕೆ ತೆರೆಯುವ ಸುರಂಗದಿಂದ ಓಡಿ ಬರುವ ಕ್ಷಣದವರೆಗೂ ಗುಟ್ಟು. ಅಭಿಮಾನಿಗಳು ಫೋನಿನಲ್ಲಿ ಓಟು ಹಾಕಬಹುದು: ಕಂದೋ, ಕರಿಯೋ.

ಬಾಂಬು ಬಿದ್ದಿದ್ದರೂ ಉತ್ತರದ ಲಾಟು ಇಷ್ಟು ಅಲ್ಲಾಡುತ್ತಿರಲಿಲ್ಲ. ಮುಂದಿನ ಶನಿವಾರ ಸಾಸೇಜುಗಳು ಸುಟ್ಟು ಕರಕಲಾದವು, ಯಾರೂ ತಿರುವಿ ಹಾಕಲಿಲ್ಲ. ಕಂದು ಪಾಳೆಯ ಒಂದು ಕಡೆ, ಕರಿ ಪಾಳೆಯ ಒಂದು ಕಡೆ, ನಡುವೆ ಬಿಯರ್ ಡಬ್ಬಿಗಳ ಗಡಿ. ಕ್ಷೌರದಂಗಡಿಯ ಗಸ್ ನೊವಾಚೆಕ್ ಕಂದಿನ ಭಟ. ಶಾಲಾ ಬಸ್ಸು ಓಡಿಸುವ ಮಾರ್ಸಿ ಕರಿಯ ರಣಚಂಡಿ.

"ಮಾರ್ಸಿ, ನಿನ್ನ ಬಸ್ಸಿಗೆ ಕರಿ ಬಣ್ಣ ಬಳೀತೀವಿ ಅಂದ್ರೆ ಸುಮ್ನಿರ್ತೀಯಾ?" ಎಂದ ಗಸ್.

"ವರ್ಷಕ್ಕೆ ಒಂದಿನ ತಾನೇ? ಬಳೀರಿ. ಆ ಹಳದಿ ನೋಡೀ ನೋಡೀ ನಂಗೆ ಕಾಮಾಲೆ ಬಂದಂಗಾಗಿದೆ."

"ಇದು ಪರಂಪರೆ ಕಣೇ!"

"ಯಾವುದು, ಸೋಲೋದಾ? ಕಂದು ಹಾಕ್ಕೊಂಡು ಹೋದ ವರ್ಷ ಎಷ್ಟು ಗೆದ್ರಿ, ಹೇಳು."

ಇಲ್ಲಿ ಎಲ್ಡನ್ ನಡುವೆ ಬಂದ. "ಗೆಲ್ಲೋದಕ್ಕೂ ಬಣ್ಣಕ್ಕೂ ಏನಮ್ಮ ಸಂಬಂಧ?"

"ಅದನ್ನೇ ನಾನೂ ಬಡ್ಕೊಳ್ತಿರೋದು. ಸಂಬಂಧ ಇಲ್ಲ ಅಂದ್ಮೇಲೆ ಬದಲಾಯಿಸಿದ್ರೆ ನಿನ್ನ ಗಂಟೇನು ಹೋಯ್ತು?"

ಎಲ್ಡನ್‌ಗೆ ಇದಕ್ಕೆ ಉತ್ತರ ಹೊಳೆದದ್ದು ಮಂಗಳವಾರ, ಮನೆಯಲ್ಲಿ ಪಾತ್ರೆ ತೊಳೆಯುವಾಗ. ಆಗ ಕೇಳಲು ನಲ್ಲಿ ಬಿಟ್ಟು ಬೇರೆ ಯಾರೂ ಇರಲಿಲ್ಲ. ಆದರೂ ಅವನು ಅಲ್ಲೇ, ಸಾಬೂನಿನ ಕೈಯೆತ್ತಿ ಶಪಥ ಮಾಡಿದ: ಆ ಕರಿ ಬಟ್ಟೆಯನ್ನು ಮುಟ್ಟುವುದಿಲ್ಲ, ಅದಿರುವ ಕಡೆ ನಿಲ್ಲುವುದಿಲ್ಲ. ಶನಿವಾರ ಅದನ್ನೇ ಪಿಕಪ್ಪಿನ ಹಿಂಬದಿ ಹತ್ತಿ ಇಡೀ ಲಾಟಿಗೆ ಸಾರಿದ. ಕಂದು ಪಾಳೆಯ ಹರ್ಷೋದ್ಗಾರ ಮಾಡಿತು. ಇಳಿಯುವಾಗ ಅವನ ಮಂಡಿ ಹಿಡಿದುಕೊಂಡಿತು. ಗಸ್ ಕೈಕೊಟ್ಟು ಇಳಿಸಿದ.

ವರ್ಲಿನ್ ಈ ಎಲ್ಲ ಹೊತ್ತೂ ಚಿಲ್ಲಿಯ ಪಾತ್ರೆಯಲ್ಲಿ ಸೌಟು ಆಡಿಸುತ್ತ ನಿಂತಿದ್ದ. ಬೀನ್ಸು, ಗೋಮಾಂಸ, ಟೊಮೇಟೊ ಕುದಿಯುತ್ತಿದ್ದವು. ನಂಚಿಕೊಳ್ಳಲು ಆರ್ಲಾ ದಾಲ್ಚಿನ್ನಿ ರೋಲು ಮಾಡಿ ತಂದಿದ್ದಳು. ವರ್ಲಿನ್ ದಪ್ಪ ಮನುಷ್ಯ, ಕಡಿಮೆ ಮಾತಿನವನು, ಮೆಟ್ಟಿಲು ಹತ್ತಿದರೆ ಕೆಂಪಾಗುವವನು.

"ನಾನು ಕರಿಗೆ ಹಾಕ್ದೆ," ಎಂದ.

"ಏನ್ನ ಹಾಕ್ದೆ?" ಎಲ್ಡನ್ ಪಾತ್ರೆಯೊಳಗೆ ಇಣುಕಿದ.

"ಓಟನ್ನ."

ಯಾರದೋ ರೇಡಿಯೋ ಮಾತ್ರ ಪಂದ್ಯದ ಮುನ್ನೋಟ ಹೇಳುತ್ತಿತ್ತು.

"ಉಪ್ಪು ಸಾಲ್ದು ಅಂತ ಹೇಳೋ ಹಾಗೆ ಹೇಳ್ತಿದ್ದೀಯಲ್ಲೋ ವರ್ಲಿನ್!"

"ಇನ್ನು ಹೇಗೆ ಹೇಳ್ಲಿ, ಪಿಕಪ್ ಹತ್ತಿ ಹೇಳ್ಲಾ?" ವರ್ಲಿನ್ ಸೌಟನ್ನು ಪಾತ್ರೆಯ ಅಂಚಿಗೆ ಬಡಿದು ಕೆಳಗಿಟ್ಟ. "ನೋಡು, ಹುಡುಗನಾಗಿದ್ದಾಗಿಂದ ಅದೇ ಕಂದು ನೋಡ್ತಿದ್ದೀನಿ. ನಂಗೂ ಇಷ್ಟವೇ. ಆದ್ರೆ ಒಂದ್ಸಲ, ಒಂದೇ ಒಂದ್ಸಲ, ಆ ಸುರಂಗದಿಂದ ಏನು ಹೊರಗೆ ಬರುತ್ತೋ ಗೊತ್ತಿಲ್ದೆ ಕಾಯ್ತಾ ಕೂತಿರ್ಬೇಕು ಅಂತ ಆಸೆ ಕಣೋ."

"ಏನು ಬರುತ್ತೆ ಅಂತ ಗೊತ್ತಿರೋದೇ ಅಲ್ವೇನೋ ಸುಖ!"

"ನಿಂಗೆ."

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಆದರೆ ಸುತ್ತ ಜನ ಸೇರಿತ್ತು. ಜನ ಸೇರಿದ ಕಡೆ ಎಲ್ಡನ್‌ನ ನಾಲಿಗೆ ಅವನ ಮಂಡಿಗಿಂತ ಚುರುಕು.

"ಹಾಗಾದ್ರೆ ನೀನು ಸತ್ತಾಗ ನಿನ್ನ ಕುರ್ಚಿಗೆ ಯಾವುದು ತೊಡಿಸ್ಬೇಕೋ ಅದನ್ನೂ ಈಗ್ಲೇ ಹೇಳ್ಬಿಡು."

ವರ್ಲಿನ್ ಕೆಂಪಾದ. "ಕರೀದೇ ತೊಡಿಸು. ನಂಗೂ ಕರೀದೇ. ಹೊರೋರಿಗೂ ಕರೀದೇ."

"ಸರಿ. ನಿನ್ನ ಎಡಗಡೆ ಹಿಡಿಯೋಕೆ ಬೇರೆ ಯಾರನ್ನಾದ್ರೂ ನೋಡ್ಕೊ. ನಾನು ಹೊರಲ್ಲ."

ಆರ್ಲಾ ದಾಲ್ಚಿನ್ನಿ ರೋಲಿನ ತಟ್ಟೆಯನ್ನು ಟಪ್ಪೆಂದು ಇಟ್ಟಳು. "ನಿಮ್ಮಿಬ್ರನ್ನೂ ಇವತ್ತೇ ಹೂತ್ಬಿಡ್ತೀನಿ, ಒಂದೇ ಗುಂಡೀಲಿ. ಯಾವ ಬಣ್ಣ ಬೇಕಾದ್ರೂ ಹಾಕ್ಕೊಳ್ಳಿ."

ಕೆಲವರು ನಕ್ಕರು. ಅವರಿಬ್ಬರು ನಗಲಿಲ್ಲ.

ಅಂದು ಸಂಜೆಯೇ ಆಸ್ತಿ ಪಾಲಾಯಿತು. ಸಾಮ್ರಾಜ್ಯಗಳು ಒಡೆದಾಗಲೂ ಇಷ್ಟು ಗಂಭೀರವಾಗಿ ಹಂಚಿಕೊಂಡಿರಲಾರರು. ಜಾಗದ ಪಾಸು ಎಲ್ಡನ್‌ನ ಹೆಸರಿನಲ್ಲಿದ್ದರಿಂದ ಮೂಲೆಯ ಕಂಬ ಅವನಿಗೆ. ಡೇರೆ ಅವನಿಗೆ, ಮೇಜು ಅವನಿಗೆ. ಚಿಲ್ಲಿಯ ಪಾತ್ರೆ ಆರ್ಲಾಳ ತವರಿನದು. ಅಂದರೆ ಎಲ್ಡನ್‌ನ ತಾಯಿಯದೂ ಹೌದು. ಆ ವಾದ ಬಹಳ ಹೊತ್ತು ನಡೆದು ಪಾತ್ರೆ ಅವಳ ಪಾಲಿಗೆ ಹೋಯಿತು. ಗ್ರಿಲ್‌ನ ಟ್ಯಾಂಕು ತಂದವನು ತಾನು ಎಂದು ಎಲ್ಡನ್ ಹೇಳಿದ. ಟ್ಯಾಂಕಿನಲ್ಲಿ ಅಡುಗೆ ಮಾಡಲಾಗದು, ಗ್ರಿಲ್ ಮಾಡಿದವನು ತಾನು ಎಂದು ವರ್ಲಿನ್ ಹೇಳಿದ. "ತಗೊಂಡು ಹೋಗು, ಹೊಟ್ಟೆ ತುಂಬಾ ತಿನ್ನು," ಎಂದ ಎಲ್ಡನ್. ಕೊನೆಯ ಬಾರಿಗೆ ಇಬ್ಬರೂ ಅದನ್ನು ಎತ್ತಿದರು. ವರ್ಲಿನ್ "ಹುಪ್" ಎನ್ನಲಿಲ್ಲ, ಆದರೂ ಇಬ್ಬರೂ ಒಟ್ಟಿಗೇ ಎತ್ತಿದರು. ತೋಳುಗಳಿಗೆ ಜಗಳದ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ವರ್ಲಿನ್ ಮೂರು ಕಂಬ ಆಚೆ, ಮಾರ್ಸಿಯ ಪಕ್ಕದಲ್ಲಿ ಬಿಡಾರ ಹೂಡಿದ. ಎಲ್ಲ ಸಾಗಿಸಿದ ಮೇಲೆ ನೋಡಿದರೆ ಚಿಲ್ಲಿ ಪಾತ್ರೆಯ ಮುಚ್ಚಳ ಎಲ್ಡನ್‌ನ ಕುರ್ಚಿಯ ಅಡಿಯಲ್ಲೇ ಉಳಿದಿತ್ತು. ಅವನು ಅದನ್ನು ವಾಪಸು ಕೊಡಲಿಲ್ಲ. ಅವರು ಕೇಳಲಿಲ್ಲ. ಮುಂದಿನ ವಾರಗಳಲ್ಲಿ ವರ್ಲಿನ್ ಪಾತ್ರೆಗೆ ರಟ್ಟು ಮುಚ್ಚಿಕೊಂಡು ಚಿಲ್ಲಿ ಬೇಯಿಸಿದ. ಎಲ್ಡನ್ ಡೇರೆಯ ಕೆಳಗೆ, ಮೇಜಿನ ಮುಂದೆ, ಒಲೆಯಿಲ್ಲದೆ, ತಣ್ಣನೆಯ ಸ್ಯಾಂಡ್‌ವಿಚ್ ತಿನ್ನುತ್ತ ಪರಂಪರೆಯನ್ನು ಕಾಪಾಡಿದ.

ಆರ್ಲಾ ಮಾತ್ರ ಪ್ರತಿ ಶನಿವಾರ ಗಡಿ ದಾಟಿ ಬಂದು, ಕಾಗದದ ಕರವಸ್ತ್ರದಲ್ಲಿ ಸುತ್ತಿದ ದಾಲ್ಚಿನ್ನಿ ರೋಲೊಂದನ್ನು ಅಣ್ಣನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದಳು.

"ಹೋಗಿ ಮಾತಾಡ್ಸೋ."

"ಅವ್ನೇ ಬರ್ಲಿ. ಕರೆದ್ರೆ ಹೋಗ್ತೀನಿ."

"ಅವ್ನೂ ಇದೇ ಹೇಳ್ತಾನೆ. ಎಲ್ಡನ್, ಅವ್ನೊಬ್ನೇ ಆ ಗ್ರಿಲ್ ಎತ್ತೋಕೆ ಹೋಗ್ತಾನೆ. ಮಾರ್ಸಿ ಕೈಹಾಕ್ತೀನಿ ಅಂದ್ರೂ ಬಿಡಲ್ಲ. ನಿಂಗೆ ಕಾಣ್ಲಿ ಅಂತ್ಲೇ."

"ಎತ್ಲಿ ಬಿಡು. ಕರಿ ಬಣ್ಣ ಶಕ್ತಿ ಕೊಡುತ್ತೇನೋ."

ಅವಳು ಹೊರಟುಹೋದಳು. ಆ ಮಾತು ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಗಸ್‌ಗೆ ಎರಡು ಸಲ ಹೇಳಿದ.

ಓಟಿನಲ್ಲಿ ಕರಿ ಗೆದ್ದಿತು. ಕಂದು ಪಾಳೆಯ ಎಣಿಕೆಯಲ್ಲಿ ಮೋಸವಾಗಿದೆ ಎಂದಿತು, ಕಾಲೇಜಿಗೆ ಧಿಕ್ಕಾರ ಎಂದಿತು, ಆಮೇಲೆ ಹಸಿವಾಗಿ ಒಬ್ಬೊಬ್ಬರೇ ಗ್ರಿಲ್ ಇದ್ದ ಕಡೆಗೆ ನಡೆದರು. ಸೇನಾಪತಿಯ ಬಳಿ ಗಸ್ ಒಬ್ಬ ಉಳಿದ, ಅವನೂ ಊಟವಾದ ಮೇಲೆ ಬರುತ್ತಿದ್ದ.

ಕರಿ ಜರ್ಸಿಯ ಪಂದ್ಯಕ್ಕೆ ಇನ್ನೊಂದು ವಾರವಿದ್ದ ಶನಿವಾರ. ಹೇಸರಗತ್ತೆಗಳು ಎಂದಿನಂತೆ ಸೋತಿದ್ದವು. ನವೆಂಬರಿನ ಬಿಸಿಲು ಕ್ರೀಡಾಂಗಣದ ಹಿಂದೆ ಇಳಿದು, ಲಾಟು ಖಾಲಿಯಾಗುತ್ತಿತ್ತು. ಮಾರ್ಸಿ ಬ್ಯಾಂಡಿನ ಹುಡುಗರನ್ನು ಬಸ್ಸಿನಲ್ಲಿ ಹೇರಿಕೊಂಡು ಹೊರಟಿದ್ದಳು. ಆರ್ಲಾ ಪಾತ್ರೆ ತೊಳೆಯಲು ಕ್ರೀಡಾಂಗಣದ ನಲ್ಲಿಯ ಕಡೆ ಹೋಗಿದ್ದಳು. ಎಲ್ಡನ್ ಡೇರೆ ಮಡಚಿ, ಕುರ್ಚಿಯ ಮೇಲೆ ಸುಮ್ಮನೆ ಕುಳಿತಿದ್ದ.

ಮೂರು ಕಂಬ ಆಚೆ ವರ್ಲಿನ್ ಗ್ರಿಲ್‌ನ ಮುಂದೆ ನಿಂತಿದ್ದ. ಮೊದಲು ಒಂದು ತುದಿಯನ್ನು ಎತ್ತಿ ಪಿಕಪ್ಪಿನ ಅಂಚಿಗೆ ಒರಗಿಸಬೇಕು, ಆಮೇಲೆ ಇನ್ನೊಂದು ತುದಿಗೆ ಹೋಗಿ ಒಳಗೆ ನೂಕಬೇಕು. ಒಬ್ಬನೇ ಮಾಡುವುದಾದರೆ ದಾರಿ ಅದೊಂದೇ. ಅವನು ಬಗ್ಗಿದ, ಎದ್ದ, ಸೊಂಟಕ್ಕೆ ಕೈಯಿಟ್ಟು ಉಸಿರು ಬಿಟ್ಟ. ಆಮೇಲೆ ತಲೆಯೆತ್ತಿ ಮೂಲೆಯ ಕಂಬದ ಕಡೆ ನೋಡಿದ.

ಎಲ್ಡನ್ ಅದನ್ನು ನೋಡಿದ. ಕರೆಯಲಿ, ಎಂದುಕೊಂಡ. ಒಂದು ಕೈ ಎತ್ತಿದರೂ ಸಾಕು. ಹೆಸರು ಹಿಡಿದು ಕೂಗಬೇಕಾಗಿಯೂ ಇಲ್ಲ. ಎದ್ದು ಹೋಗಲು ಅವನ ಕಾಲುಗಳು ಆಗಲೇ ಸಿದ್ಧವಾಗಿದ್ದವು. ಎರಡು ಅಂಗೈಯನ್ನೂ ಮಂಡಿಯ ಮೇಲೆ ಊರಿದ್ದ. ವರ್ಲಿನ್ ಕೈ ಎತ್ತಲಿಲ್ಲ. ಎಲ್ಡನ್ ಮುಖ ತಿರುಗಿಸಿ, ಕುರ್ಚಿಯ ಅಡಿಯಲ್ಲಿದ್ದ ಮುಚ್ಚಳವನ್ನು ಎತ್ತಿಕೊಂಡು, ಅದಕ್ಕೆ ಅಂಟಿದ್ದ ಹಳೆಯ ಚಿಲ್ಲಿಯ ಕಲೆಯನ್ನು ಉಗುರಿನಿಂದ ಕೆರೆಯತೊಡಗಿದ.

"ಒಂದು, ಎರಡು," ಎಂದು ವರ್ಲಿನ್ ತನಗೆ ತಾನೇ ಹೇಳಿಕೊಂಡದ್ದು ಖಾಲಿ ಲಾಟಿನಲ್ಲಿ ಕೇಳಿಸಿತು.

ಆಮೇಲೆ ಕಬ್ಬಿಣ ಡಾಂಬರಿಗೆ ಬಿದ್ದ ಸದ್ದು.

ಎಲ್ಡನ್ ಓಡಿದ. ಅವನ ಮಂಡಿಗಳು ಆ ದೂರವನ್ನು ಅಷ್ಟು ಬೇಗ ಎಂದೂ ದಾಟಿರಲಿಲ್ಲ. ಗ್ರಿಲ್ ಬಾಯ್ತೆರೆದು ಮಗುಚಿತ್ತು, ಬೂದಿ ಚೆಲ್ಲಿತ್ತು, ವರ್ಲಿನ್ ಪಿಕಪ್ಪಿನ ಚಕ್ರಕ್ಕೆ ಒರಗಿ ಕಣ್ಣು ಬಿಟ್ಟುಕೊಂಡು ಕುಳಿತಿದ್ದ. ಎಲ್ಡನ್ ಅವನ ಹೆಸರು ಕೂಗಿದ. ಹಲವಾರು ಸಲ ಕೂಗಿದ. ಆರ್ಲಾ ಒದ್ದೆ ಪಾತ್ರೆ ಹಿಡಿದು ಬಂದಾಗ ಎಲ್ಡನ್‌ನ ಒಂದು ಕೈಯಲ್ಲಿ ಇನ್ನೂ ಮುಚ್ಚಳವಿತ್ತು.

ಹೃದಯ ಮೊದಲೇ ಸೋತಿತ್ತು, ಇವತ್ತಲ್ಲದಿದ್ದರೆ ನಾಳೆ ಆಗುವುದೇ, ಎಂದರು ವೈದ್ಯರು. ಒಳ್ಳೆಯ ಮನಸ್ಸಿನಿಂದ ಹೇಳಿದರು. ಆರ್ಲಾ ತಲೆಯಾಡಿಸಿದಳು. ಎಲ್ಡನ್ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, ನಾಳೆ ಎಂಬ ಪದವನ್ನು ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದ. ನಾಳೆಯಾಗಿದ್ದರೆ ಭಾನುವಾರ. ಭಾನುವಾರ ವರ್ಲಿನ್ ಸೋಫಾದ ಮೇಲೆ ಕುಳಿತಿರುತ್ತಿದ್ದ, ಗ್ರಿಲ್‌ನ ಪಕ್ಕದಲ್ಲಲ್ಲ.

ಶವಸಂಸ್ಕಾರದ ಸುದ್ದಿಯನ್ನು ಗಸ್ ತಂದ. ಗುರುವಾರ, ಲೂಥರನ್ ಚರ್ಚಿನಲ್ಲಿ. "ಅವ್ನ್ಗೆ ಕರೀದೇ ತೊಡಿಸ್ತಾರಂತೆ. ಹೊರೋರಿಗೂ ಕರೀದೇ ಅಂತ ಆರ್ಲಾ ಹೇಳಿದ್ದಾಳೆ. ಅವನೇ ಹೇಳಿದ್ನಲ್ಲ, ಎಲ್ಲರೆದುರು."

"ಎಡ ಹಿಡಿಕೆ?"

"ಅದ್ರ ಬಗ್ಗೆ ಏನೂ ಹೇಳ್ಲಿಲ್ಲ," ಎಂದ ಗಸ್. "ನೀನು ಶಪಥ ಮಾಡಿದ್ದೀಯಲ್ಲ."

ನಮ್ಮ ವೀರನ ಜೀವನದ ಮಹಾಯುದ್ಧ ನಡೆದದ್ದು ಆಗ, ಅವನ ಅಡುಗೆಮನೆಯಲ್ಲಿ, ಎದುರಾಳಿಯಿಲ್ಲದೆ. ಒಂದು ಕಡೆ ಕಂದು, ಶಪಥ, ಪಿಕಪ್ ಹತ್ತಿ ಮಾಡಿದ ಭಾಷಣ. ಇನ್ನೊಂದು ಕಡೆ ಒಂದು ಕೈಕುಲುಕು. ಕರಿ ತೊಟ್ಟರೆ ಉತ್ತರದ ಲಾಟಿನಲ್ಲಿ ಮತ್ತೆ ತಲೆಯೆತ್ತಿ ನಡೆಯುವಂತಿಲ್ಲ. ತೊಡದಿದ್ದರೆ ವರ್ಲಿನ್‌ನನ್ನು ಬೇರೆ ಯಾರೋ ಹೊರುತ್ತಾರೆ. ಎಲ್ಡನ್ ಎರಡು ದಿನ ಈ ತಕ್ಕಡಿ ಹಿಡಿದು ಕುಳಿತ. ತೊಡಬೇಕೋ ಬೇಡವೋ ಎಂಬುದೇ ಪ್ರಶ್ನೆ ಎಂದು ಅವನು ನಂಬಿದ್ದ. ಬೇರೆ ಪ್ರಶ್ನೆಯೊಂದು ಪಕ್ಕದಲ್ಲೇ ಕುಳಿತಿತ್ತು. ಅದರ ಕಡೆ ಅವನು ತಿರುಗಿ ನೋಡಲಿಲ್ಲ.

ಬುಧವಾರ ಕಾಲೇಜಿನ ಅಂಗಡಿಗೆ ಹೋದ. ಕರಿ ಜರ್ಸಿಗಳು ಬಾಗಿಲಲ್ಲೇ ಸಾಲಾಗಿ ತೂಗುತ್ತಿದ್ದವು. ಕೌಂಟರಿನ ಹುಡುಗಿ ನಕ್ಕಳು.

"ಯಾವ ಸೈಜು ಸರ್? ಉಡುಗೊರೆಗಾ?"

"ಅಲ್ಲಮ್ಮ. ಹೆಣ ಹೊರೋಕೆ."

ಅವಳ ನಗು ನಿಂತುಹೋಯಿತು. ಅವಳು ಅದನ್ನು ಬಹಳ ಮೆತ್ತಗೆ ಮಡಚಿ ಚೀಲಕ್ಕೆ ಹಾಕಿಕೊಟ್ಟಳು.

ಗುರುವಾರ ಅವನು ಉದ್ದನೆಯ ಚಳಿಗೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು ಚರ್ಚಿನ ಮೊಗಸಾಲೆಗೆ ಕಾಲಿಟ್ಟ. ಪೆಟ್ಟಿಗೆ ಅಲ್ಲೇ ಇತ್ತು, ಮುಚ್ಚಿತ್ತು. ಹೊರುವವರು ಕರಿ ಜರ್ಸಿಯಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಕಂದು ಪಾಳೆಯದ ಅರ್ಧ ಜನ ಅಲ್ಲಿದ್ದರು, ಗಸ್ ಇದ್ದ. ಎಲ್ಡನ್ ಎಲ್ಲರ ಮುಂದೆ ನಿಂತು ಗುಂಡಿ ಬಿಚ್ಚಿದ, ಒಂದೊಂದಾಗಿ, ಮೇಲಿನಿಂದ ಕೆಳಗೆ. ಕೋಟು ತೆರೆದುಕೊಂಡಿತು.

"ನೀನೂನಾ?" ಎಂದ ಗಸ್, ಉಸಿರಿನಲ್ಲಿ.

"ನಾನೂ."

ಹೊಸ ಬಟ್ಟೆಯ ವಾಸನೆ ಅವನ ಮೂಗಿಗೇ ಹೊಡೆಯುತ್ತಿತ್ತು. ಎದೆಯೊಳಗೆ ಏನೋ ಒಂದು ಉಬ್ಬಿ ಬಂತು. ಇಂಥ ತ್ಯಾಗ ಈ ಊರಿನಲ್ಲಿ ಯಾರೂ ಮಾಡಿರಲಾರರು ಎಂಬಂಥದು. ಅವನು ಪೆಟ್ಟಿಗೆಯ ಎಡ ಮುಂದಿನ ಹಿಡಿಕೆಯ ಬಳಿಗೆ ಹೋಗಿ ನಿಂತ.

ಆರ್ಲಾ ಒಳಗಿನಿಂದ ಬಂದಳು. ಅಣ್ಣನ ಮುಖ ನೋಡಿದಳು, ಜರ್ಸಿ ನೋಡಿದಳು. ಅದರ ಅಂಚಿನಲ್ಲಿ ಬೆಲೆಚೀಟಿಯ ಪ್ಲಾಸ್ಟಿಕ್ ದಾರ ಇನ್ನೂ ನೇತಾಡುತ್ತಿತ್ತು.

"ಎತ್ತೋಕೆ ಬಂದ್ಯಾ?"

"ಹೂಂ."

"ಅವತ್ತು ಬರ್ಬೇಕಿತ್ತು."

ಜೋರಾಗಿ ಹೇಳಲಿಲ್ಲ. ಅತ್ತಿರಲೂ ಇಲ್ಲ. ತಿರುಗಿ, "ಮಾರ್ಸಿ, ಎಡಕ್ಕೆ ನೀನು ಬಾ," ಎಂದಳು.

ಮಾರ್ಸಿ ಎಲ್ಡನ್‌ನ ಕಡೆ ನೋಡದೆ ಬಂದಳು. ಅವನು ಪಕ್ಕಕ್ಕೆ ಸರಿದ. ಆರು ಜನ ಬಗ್ಗಿದರು. ಒಂದು, ಎರಡು, ಎಂದು ಯಾರೂ ಹೇಳಲಿಲ್ಲ. ಪೆಟ್ಟಿಗೆ ಮೊದಲು ಒಂದು ಕಡೆ ವಾಲಿ, ಆಮೇಲೆ ಸಮವಾಗಿ, ಬಾಗಿಲು ದಾಟಿ ಒಳಗೆ ಹೋಯಿತು. ಎಲ್ಡನ್ ಕೊನೆಯ ಬೆಂಚಿನಲ್ಲಿ ಕರಿ ಜರ್ಸಿಯಲ್ಲಿ ಕುಳಿತ. ಕಂದಿನವರು ಅವನ ಪಕ್ಕ ಕೂರಲಿಲ್ಲ. ಕರಿಯವರು ಮುಂದಿನ ಸಾಲಿನಲ್ಲಿದ್ದರು. ಪ್ರಾರ್ಥನೆ ಮುಗಿದು ಎಲ್ಲರೂ ನೆಲಮಾಳಿಗೆಗೆ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನಲು ಇಳಿದಾಗ ಅವನು ಮನೆಗೆ ಹೋದ.

ಶನಿವಾರ ಬಂತು. ಎಲ್ಡನ್ ಕಂದು ಹಾಕಲಿಲ್ಲ, ಕರಿ ಹಾಕಲಿಲ್ಲ. ಪ್ರೊಪೇನ್ ಲಾರಿ ಓಡಿಸುವಾಗ ಹಾಕುತ್ತಿದ್ದ ಚೌಕಳಿ ಅಂಗಿ ತೊಟ್ಟು ಬಂದು ತನ್ನ ಕಂಬದ ಬುಡದಲ್ಲಿ ಕುಳಿತ. ಡೇರೆ ಬಿಚ್ಚಲಿಲ್ಲ. ಗಸ್ ಬರಲಿಲ್ಲ. ಮೂರು ಕಂಬ ಆಚೆ ಗ್ರಿಲ್ ಹೊಗೆಯಾಡುತ್ತಿತ್ತು. ಅದರ ಪಕ್ಕದಲ್ಲಿ ವರ್ಲಿನ್‌ನ ಮಡಚುವ ಕುರ್ಚಿ, ಬೆನ್ನಿಗೆ ಕರಿ ಜರ್ಸಿ, ತೋಳುಗಳೆರಡೂ ಜೋತುಬಿದ್ದು. ಕುರ್ಚಿಯ ಮುಂದೆ ಒಂದು ಬಟ್ಟಲು ಚಿಲ್ಲಿ. ಪದ್ಧತಿಯಂತೆ ಕುರ್ಚಿ ಕಾಯಬೇಕಾದವನು ಎಲ್ಡನ್. ಅವನು ತನ್ನ ಕಂಬದ ಬುಡದಿಂದಲೇ ಕಾದ.

ಆಟದ ಹೊತ್ತಾದಾಗ ಜನ ಒಳಗೆ ಹೋದರು. ಎಲ್ಡನ್ ಹೋಗಲಿಲ್ಲ. ಖಾಲಿ ಲಾಟಿನಲ್ಲಿ ಕುಳಿತು ಬ್ಯಾಂಡಿನ ಸದ್ದು ಕೇಳಿದ. ಬ್ಯಾಂಡು ನಿಂತಿತು. ಹುಡುಗರು ಸುರಂಗದಿಂದ ಹೊರಡುವ ಹೊತ್ತು ಅದು. ಪ್ರತಿ ಸಲವೂ ಆ ಕ್ಷಣಕ್ಕೆ ಮೊದಲೇ ಕೂಗು ಏಳುತ್ತಿತ್ತು, ಏನು ಬರುತ್ತದೆ ಎಂದು ಎಲ್ಲರಿಗೂ ಗೊತ್ತಿರುತ್ತಿತ್ತಲ್ಲ. ಈ ಸಲ ಏಳಲಿಲ್ಲ. ಸಾವಿರಾರು ಜನ ಒಟ್ಟಿಗೇ ಉಸಿರು ಹಿಡಿದ ಸದ್ದು ಗೋಡೆ ದಾಟಿ ಬಂತು. ಅದು ಸದ್ದೇ ಅಲ್ಲ. ಅಷ್ಟು ದೊಡ್ಡ ಮೌನವನ್ನು ಎಲ್ಡನ್ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಆಮೇಲೆ ಕ್ರೀಡಾಂಗಣ ಒಡೆದುಹೋಗುವಂತೆ ಬೊಬ್ಬೆ ಎದ್ದಿತು.

ಎಲ್ಡನ್ ಕುರ್ಚಿಯ ಕಡೆ ನೋಡಿದ. ಗಾಳಿಗೆ ಜರ್ಸಿಯ ಒಂದು ತೋಳು ಮೇಲೆದ್ದು ಮತ್ತೆ ಬಿತ್ತು.

ಕರಿ ಜರ್ಸಿಯಲ್ಲೂ ಹೇಸರಗತ್ತೆಗಳು ಕಂದು ಜರ್ಸಿಯಲ್ಲಿ ಸೋತಷ್ಟೇ ಚೆನ್ನಾಗಿ ಸೋತವು. ಜನ ಹೊರಬಂದು, ಮುಂದಿನ ವರ್ಷ ನೋಡೋಣ ಎಂದು ಹೊರಟರು. ಮಾರ್ಸಿ ಕೈಗಡಿಯಾರ ನೋಡುತ್ತ ಆರ್ಲಾಳಿಗೆ ಏನೋ ಹೇಳಿ, ಅವಳು ತಲೆಯಾಡಿಸಿದ ಮೇಲೆ ಬಸ್ಸಿನ ಕಡೆ ಓಡಿದಳು. ಆರ್ಲಾ ಬೂದಿ ಸುರಿದು, ಗ್ರಿಲ್‌ನ ಬಾಯಿ ಮುಚ್ಚಿ, ಬಲ ಹಿಡಿಕೆಯ ಬಳಿ ನಿಂತಳು. ಮೂಲೆಯ ಕಂಬದ ಕಡೆ ನೋಡಲಿಲ್ಲ.

ಎಲ್ಡನ್ ಕಾಯಲಿಲ್ಲ. ಮುಚ್ಚಳ ಎತ್ತಿಕೊಂಡು ನಡೆದ. ಅದನ್ನು ಪಿಕಪ್ಪಿನ ಅಂಚಿನ ಮೇಲಿಟ್ಟು, ಎಡ ಹಿಡಿಕೆ ಹಿಡಿದ.

ಆರ್ಲಾ ಅವನ ಕೈ ನೋಡಿದಳು. ತೆಗೆ ಎನ್ನುತ್ತಾಳೆ ಎಂದು ಅವನು ಕಾದ.

"ಒಂದು, ಎರಡು," ಎಂದಳು. ಮೂರನೆಯದನ್ನು ಹೇಳಲಿಲ್ಲ.

ಎತ್ತಿದರು. ತಾನು ನೆನಪಿಟ್ಟುಕೊಂಡಿದ್ದಕ್ಕಿಂತ ಅದು ಭಾರವಾಗಿತ್ತು. ಆರ್ಲಾ ವರ್ಲಿನ್ ಅಲ್ಲ, ಅರ್ಧಕ್ಕಿಂತ ಹೆಚ್ಚು ಎಲ್ಡನ್‌ನ ಕಡೆಗೇ ಬಂತು. ಅವನು ಕೈಬಿಡಲಿಲ್ಲ. ಗ್ರಿಲ್ ಕರಕರ ಎಂದು ಒಳಗೆ ಜಾರಿತು.

ಆರ್ಲಾ ಮುಚ್ಚಳ ತೆಗೆದುಕೊಂಡು ಪಾತ್ರೆಯ ಮೇಲಿಟ್ಟಳು. ಅದು ಸರಿಯಾಗಿ ಕುಳಿತಿತು.

"ಇದನ್ನ ಮಾರ್ತೀನಿ," ಎಂದಳು, ಗ್ರಿಲ್ ಕಡೆ ಗಲ್ಲ ತೋರಿಸಿ.

"ಯಾರಿಗೆ?"

"ನಿಂಗಲ್ಲ."

ಬಾಗಿಲು ಹಾಕಿಕೊಂಡಳು. ಪಿಕಪ್ ಗೇಟು ದಾಟಿ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ ಎಲ್ಡನ್ ಹಿಂತಿರುಗಿದರೆ, ವರ್ಲಿನ್‌ನ ಕುರ್ಚಿ ಗ್ರಿಲ್ ಇದ್ದ ಜಾಗದ ಪಕ್ಕದಲ್ಲೇ ಉಳಿದಿತ್ತು. ಮರೆತು ಬಿಟ್ಟಳೋ, ಬೇಕೆಂದೇ ಬಿಟ್ಟಳೋ, ಅವನಿಗೆ ತಿಳಿಯಲಿಲ್ಲ. ಕೇಳಲು ಅವಳಿಗೆ ಫೋನು ಮಾಡುವ ಧೈರ್ಯ ಅವನಿಗೆ ಆ ದಿನವೂ ಬರಲಿಲ್ಲ, ಆ ಚಳಿಗಾಲ ಪೂರ್ತಿಯೂ ಬರಲಿಲ್ಲ.

ಕುರ್ಚಿಯನ್ನು ಮಡಚಿದ. ಜರ್ಸಿ ಬಿಚ್ಚಲಿಲ್ಲ. ತನ್ನ ಗಾಡಿಯ ಹಿಂದೆ ಎಸೆಯಲು ಮನಸ್ಸಾಗದೆ ಪಕ್ಕದ ಸೀಟಿನ ಮೇಲೆ ಒರಗಿಸಿಟ್ಟು ಗಾಡಿ ಶುರು ಮಾಡಿದ. ಯಾರೋ ಬೆಲ್ಟ್ ಹಾಕಿಕೊಳ್ಳದೆ ಕುಳಿತಿದ್ದಾರೆ ಎಂದು ಗಾಡಿ ಕೀಂಯ್ ಕೀಂಯ್ ಎಂದು ಬಡಿದುಕೊಳ್ಳತೊಡಗಿತು. ಎಲ್ಡನ್ ಬಾಗಿ, ಕರಿ ಜರ್ಸಿಯ ಎದೆಯ ಮೇಲಿಂದ ಬೆಲ್ಟ್ ಎಳೆದು, ಕೊಂಡಿ ಹಾಕಿದ.